ಮೈಸೂರಾ, ಮಂಡ್ಯನಾ? ಸೆಖೆ ತಾಳದವರು ಮನೆ ಮಾಡಲು

ಎರಡೂ ಊರಿನ ನಡುವೆ ಸುಮಾರು 45 ಕಿ.ಮೀ. ಅಷ್ಟೆ. ಆದರೆ ಮೈಸೂರು ಸುಮಾರು 770 ಮೀಟರ್ ಎತ್ತರದಲ್ಲಿದೆ, ಮಂಡ್ಯ ಅದಕ್ಕಿಂತ ತಗ್ಗು. ಏಪ್ರಿಲ್ ಬಿಸಿಲು ಎರಡೂ ಕಡೆ ತಪ್ಪಿದ್ದಲ್ಲ; ಮೈಸೂರಲ್ಲೂ ಮಧ್ಯಾಹ್ನ 35 ಡಿಗ್ರಿ ಮುಟ್ಟುತ್ತದೆ. ವ್ಯತ್ಯಾಸ ಗೊತ್ತಾಗುವುದು ಸಂಜೆ. ಮೈಸೂರಿನ ಕುಕ್ಕರಹಳ್ಳಿ ಕೆರೆ ಏರಿ ಮೇಲೆ ಆರು ಗಂಟೆಗೆ ನಿಂತರೆ ಬೆವರು ತಾನೇ ಆರುತ್ತದೆ.

ಮಂಡ್ಯದ ಸುತ್ತ ವಿಶ್ವೇಶ್ವರಯ್ಯ ನಾಲೆ, ಭತ್ತ, ಕಬ್ಬು. ಕಣ್ಣಿಗೇನೋ ತಂಪು, ಆದರೆ ಗದ್ದೆ ಪಕ್ಕ ಮನೆ ಹಿಡಿದರೆ ಸೊಳ್ಳೆ ಜಾಸ್ತಿ. ಬಾಡಿಗೆ ಕಮ್ಮಿ, ಬೆಂಗಳೂರಿಗೆ ರೈಲಿನಲ್ಲಿ ಓಡಾಡುವವರಿಗೆ ಹತ್ತಿರ. ವಯಸ್ಸಾದ ಅಪ್ಪ ಅಮ್ಮ ಜೊತೆಗಿದ್ದರೆ ನಾನಂತೂ ಮೈಸೂರೇ ಎನ್ನುತ್ತೇನೆ.

ಮನೆ ನೋಡಲು ಡಿಸೆಂಬರ್‌ನಲ್ಲಿ ಮಾತ್ರ ಬರಬೇಡಿ, ಆಗ ಎಲ್ಲ ಊರೂ ಚೆಂದ ಅಲ್ವಾ? ಏಪ್ರಿಲ್‌ನಲ್ಲಿ ಬನ್ನಿ. ತಾರಸಿ ಕೆಳಗಿನ ರೂಮಿನಲ್ಲಿ ಮಧ್ಯಾಹ್ನ ಸುಮ್ನೆ ಅರ್ಧ ಗಂಟೆ ಕೂತು ನೋಡಿ.