ರಿಜಿಡ್ ಬೇಡ, ಫರ್ಮ್ ಇರಲಿ: 'ಕಟ್ಟುನಿಟ್ಟು' ಅನ್ನಲು ನಾನು ಬಳಸಿ ನೋಡಿದ ಇಂಗ್ಲಿಷ್ ಪದಗಳು

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು 'ಫರ್ಮ್' ಎಂಬ ಪದಕ್ಕೆ. ಒಬ್ಬರ ಬಗ್ಗೆ ಇಂಗ್ಲಿಷಿನಲ್ಲಿ ಪತ್ರ ಬರೆಯುವಾಗ 'ಕಟ್ಟುನಿಟ್ಟು' ಅನ್ನಬೇಕಾದರೆ ಈಗ ನಾನು ಹಾಕುವುದು ಅದನ್ನೇ. 'ರಿಜಿಡ್' ಒಂದು ಸಲ ಕೈಕೊಟ್ಟ ಮೇಲೆ ಈ ತೀರ್ಮಾನಕ್ಕೆ ಬಂದೆ.

ಕಾರವಾರದಲ್ಲಿ ನಮ್ಮ ಮನೆಯ ಜಗಲಿಯಲ್ಲೇ ಟ್ಯೂಷನ್ ನಡೆಸುತ್ತೇನೆ. ಒಬ್ಬ ಹುಡುಗಿ ಮೂರು ವರ್ಷ ನನ್ನ ಜೊತೆ ಗಣಿತ ಕಲಿಸಿದಳು. ಹೋಮ್‌ವರ್ಕ್ ಮಾಡದೆ ಅವಳ ಕ್ಲಾಸಿಗೆ ಯಾರೂ ಬರುತ್ತಿರಲಿಲ್ಲ. ಹಾಗಂತ ಒಂದು ಮಗುವಿನ ಮೇಲೂ ದನಿ ಏರಿಸಿದವಳಲ್ಲ. ಜ್ವರ ಬಂದಿತ್ತು ಎಂದರೆ ಎರಡು ದಿನ ಜಾಸ್ತಿ ಕೊಡುತ್ತಿದ್ದಳು. ಗೋವಾದ ಒಂದು ಶಾಲೆಗೆ ಅರ್ಜಿ ಹಾಕುವಾಗ ನನ್ನಲ್ಲಿ ಶಿಫಾರಸು ಪತ್ರ ಕೇಳಿದಳು. ಖುಷಿಯಿಂದ ಬರೆಯಲು ಕೂತೆ.

'ಸ್ಟ್ರಿಕ್ಟ್' ಆಗಲೇ ಎರಡು ಸಲ ಬಂದಿತ್ತು. ಮೂರನೇ ಸಲ ಬೇಡ ಎಂದು ಫೋನಿನ ಆ್ಯಪ್‌ನಲ್ಲಿ ಸಮಾನ ಪದ ಹುಡುಕಿದೆ. ಸಾಲಾಗಿ ಹತ್ತು ಪದ ಬಂತು, ಒಂದಕ್ಕೂ ಇನ್ನೊಂದಕ್ಕೂ ಏನು ವ್ಯತ್ಯಾಸ ಎಂದು ಒಂದು ಮಾತಿಲ್ಲ. 'ರಿಜಿಡ್' ಕೇಳಲು ಗಟ್ಟಿಯಾಗಿದೆ ಅನ್ನಿಸಿತು. 'ಶೀ ಈಸ್ ರಿಜಿಡ್ ವಿತ್ ಹರ್ ಸ್ಟೂಡೆಂಟ್ಸ್' ಎಂದು ಬರೆದು ಸಹಿ ಹಾಕಿಬಿಟ್ಟೆ.

ಸಂದರ್ಶನದಲ್ಲಿ ಅವಳಿಗೆ ಕೇಳಿದ ಮೊದಲ ಪ್ರಶ್ನೆ, 'ಮಕ್ಕಳ ಜೊತೆ ಹೊಂದಿಕೊಂಡು ಹೋಗುವುದು ನಿಮಗೆ ಕಷ್ಟವಾ?' ಸಂಜೆ ರೈಲಿನಿಂದ ಇಳಿದವಳು ಸೀದಾ ನಮ್ಮ ಮನೆಗೆ ಬಂದಳು. 'ಅಕ್ಕಾ, ನಾನು ಅಷ್ಟು ಹಟಮಾರಿಯಾ?' ಎಂದು ಕೇಳಿದಳು. ಏನು ಹೇಳಬೇಕೋ ತಿಳಿಯಲಿಲ್ಲ. ಕೆಲಸವೂ ಸಿಗಲಿಲ್ಲ. ಬರೀ ಆ ಪದದಿಂದಲೇ ಹಾಗಾಯಿತು ಎನ್ನಲಾರೆ. ಆದರೆ ಅವಳು ಉತ್ತರ ಕೊಡಬೇಕಾಗಿ ಬಂದದ್ದು ನನ್ನ ಪದಕ್ಕೆ. ಅದು ಇವತ್ತಿಗೂ ಚುಚ್ಚುತ್ತದೆ.

ಆಮೇಲೆ ಕೂತು ಓದಿದೆ. 'ರಿಜಿಡ್' ಬಂದಿರುವುದು ಸೆಟೆದುಕೊಂಡಿರುವುದು ಎಂಬ ಅರ್ಥದ ಲ್ಯಾಟಿನ್ ಪದದಿಂದ. ಸತ್ತ ಮೇಲೆ ದೇಹ ಮರಗಟ್ಟುತ್ತದಲ್ಲ, ಅದಕ್ಕೆ ಡಾಕ್ಟರುಗಳು ಹೇಳುವ 'ರಿಗರ್ ಮಾರ್ಟಿಸ್' ಕೂಡ ಅದೇ ಬೇರಿನದು. ಪೈಪಿಗೋ ಹಲಗೆಗೋ ಈ ಪದ ಹೇಳಿದರೆ ತೊಂದರೆಯಿಲ್ಲ. ಮನುಷ್ಯರಿಗೆ ಹೇಳಿದರೆ ದೂರು ಹೇಳಿದಂತೆ. ಯಾರು ಏನೇ ಹೇಳಿದರೂ ಬಗ್ಗದವರು ಎಂದಾಗುತ್ತದೆ.

ನಮ್ಮಲ್ಲಿ 'ಆ ಮೇಡಂ ಭಾರಿ ಸ್ಟ್ರಿಕ್ಟು' ಎಂದರೆ ಹೊಗಳಿಕೆ. ಅಪ್ಪ ಅಮ್ಮ ಹುಡುಕಿಕೊಂಡು ಬಂದು ಮಕ್ಕಳನ್ನು ಸೇರಿಸುತ್ತಾರೆ. ಆ ಹೊಗಳಿಕೆ ಅದರ ಸಮಾನ ಪದಗಳಿಗೂ ಇರುತ್ತದೆ ಎಂದುಕೊಂಡಿದ್ದೆ. ನಾನು ಎಡವಿದ್ದು ಅಲ್ಲೇ.

'ಸ್ಟ್ರಿಕ್ಟ್' ನನಗೆ ಈಗಲೂ ಇಷ್ಟ. ಅದರ ಲ್ಯಾಟಿನ್ ಬೇರಿಗೆ ಬಿಗಿದು ಎಳೆಯುವುದು ಎಂದು ಅರ್ಥ. ನಮ್ಮ 'ಬಿಗಿ'ಯೇ ಅಲ್ವಾ? ಇಲ್ಲಿನ ಬೈತಖೋಲ ಬಂದರಿನಲ್ಲಿ ದೋಣಿ ಕಟ್ಟಿದ ಹಗ್ಗ ನೋಡಿ. ಬಿಗಿಯಾಗಿರುತ್ತದೆ, ಭರತ, ಅಂದರೆ ಕಡಲಿನ ಉಬ್ಬರ ಬಂದರೆ ಸಡಿಲ ಬಿಡಲೂ ಬರುತ್ತದೆ. ಕಡಲಿನ ಇಕ್ಕಟ್ಟಾದ ದಾರಿಗೆ ಹೇಳುವ 'ಸ್ಟ್ರೇಟ್' ಕೂಡ ಇದೇ ಬೇರಿನಿಂದ ಬಂದದ್ದು. ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಗಳು ಮೀನು ಹಿಡಿಯಲು ಕಡಲಿಗೆ ಇಳಿಯುವಂತಿಲ್ಲ. ಅಂಥ ನಿಯಮಕ್ಕೆ 'ಸ್ಟ್ರಿಕ್ಟ್' ಸರಿಯಾಗಿ ಕೂರುತ್ತದೆ. ಮನುಷ್ಯರಿಗೆ ಬಳಸಿದರೂ ತಪ್ಪಿಲ್ಲ. ಆದರೆ ಅವರು ನಿಯಮ ಬಿಡುವುದಿಲ್ಲ ಎಂದಷ್ಟೇ ಹೇಳುತ್ತದೆ, ಅವರ ಮನಸ್ಸು ಎಂಥದು ಎಂದು ಹೇಳುವುದಿಲ್ಲ.

'ಸ್ಟ್ರಿಂಜೆಂಟ್' ಅದೇ ಬೇರಿನದು, ಆದರೆ ಕಾನೂನಿಗೆ, ಷರತ್ತಿಗೆ, ಪರೀಕ್ಷೆಗೆ ಮಾತ್ರ. ಮನುಷ್ಯರಿಗೆ ಬೇಡ.

'ಸ್ಟರ್ನ್' ಮುಖಕ್ಕೆ, ದನಿಗೆ ಹೇಳುವ ಪದ. ನಗದ ಮುಖ ಕಣ್ಣಮುಂದೆ ಬರುತ್ತದೆ.

'ಸಿವಿಯರ್' ನೋವಿಗೆ, ಬಿರುಗಾಳಿಗೆ. ಗಾಳಿ ಗಂಟೆಗೆ 89ರಿಂದ 117 ಕಿ.ಮೀ. ಇದ್ದರೆ ಹವಾಮಾನ ಇಲಾಖೆ ಅದನ್ನು 'ಸಿವಿಯರ್' ಚಂಡಮಾರುತ ಎನ್ನುತ್ತದೆ. 2021ರ ಮೇನಲ್ಲಿ ಬಂದ ತೌಕ್ತೆ ಅದನ್ನೂ ಮೀರಿ 'ಎಕ್ಸ್‌ಟ್ರೀಮ್ಲಿ ಸಿವಿಯರ್' ಆಗಿತ್ತು. ಟೀಚರಿಗೆ ಇದು ಬೇಡವೇ ಬೇಡ.

'ಹಾರ್ಷ್' ಎಂದರೆ ಬೈಗುಳವೇ.

'ರಿಗರಸ್' ಮಾತ್ರ ನನಗೆ ಆಶ್ಚರ್ಯ ತಂದಿತು. 'ರಿಜಿಡ್'ನ ಒಡಹುಟ್ಟು, ಆದರೂ ಒಳ್ಳೆಯ ಹೆಸರಿದೆ. ಕೋರ್ಟಿನಲ್ಲಿ 'ರಿಗರಸ್' ಶಿಕ್ಷೆ ಎಂದರೆ ಕಠಿಣ ದುಡಿಮೆಯ ಜೈಲು. 1860ರ ದಂಡ ಸಂಹಿತೆಯಲ್ಲಿ ಇದ್ದದ್ದು, 2024ರ ಜುಲೈ 1ರಿಂದ ಜಾರಿಗೆ ಬಂದ ನ್ಯಾಯ ಸಂಹಿತೆಯಲ್ಲೂ ಇದೆ. ಆದರೆ ಪಾಠಕ್ಕೋ ತರಬೇತಿಗೋ ಸೇರಿಸಿದರೆ, ಒಂದು ಹೆಜ್ಜೆಯನ್ನೂ ಬಿಡದೆ ಮಾಡಿದ ಕೆಲಸ ಎಂಬ ಮೆಚ್ಚುಗೆ.

ಇನ್ನು 'ಫರ್ಮ್'. ಗಟ್ಟಿಯಾಗಿ ನಿಂತದ್ದು ಎಂಬುದು ಇದರ ಮೂಲ ಅರ್ಥ. ಹೇಳಿದ ಮಾತಿಗೆ ನಿಲ್ಲುವವರು, ಆದರೆ ಗದರುವವರಲ್ಲ. 'ಫರ್ಮ್ ಬಟ್ ಫೇರ್' ಎಂದು ಇಂಗ್ಲಿಷಿನಲ್ಲಿ ಮಾತೇ ಇದೆ. 'ರಿಜಿಡ್ ಬಟ್ ಫೇರ್' ಎಂದು ಹೇಳಿ ನೋಡಿ, ಕಿವಿಗೆ ಹೊಂದುವುದಿಲ್ಲ.

ವರ್ಷಕ್ಕೆ ನಾನು ಬರೆಯುವುದು ನಾಲ್ಕೈದು ಪತ್ರ, ಒಂದೊಂದು ಪುಟದ್ದು. ಅಷ್ಟಕ್ಕೆ ತಿಂಗಳು ತಿಂಗಳು ದುಡ್ಡು ಕೇಳುವ ಆ್ಯಪ್ ನನಗೆ ಬೇಡ. 300 ರೂಪಾಯಿಗೆ ಉದಾಹರಣೆ ವಾಕ್ಯಗಳಿರುವ ಹಳೆಯ ಡಿಕ್ಷನರಿ ಕೊಂಡೆ. ಹೊಸ ಪದ ಹಾಕುವ ಮೊದಲು ಅದು ಯಾರ ಜೊತೆ, ಯಾವುದರ ಜೊತೆ ಬಂದಿದೆ ಎಂದು ನೋಡುತ್ತೇನೆ.

ಅವಳಿಗೆ ಎರಡನೇ ಪತ್ರ ಬರೆದುಕೊಟ್ಟೆ. ಪಾಠಕ್ಕೆ 'ರಿಗರಸ್', ಅವಳಿಗೆ 'ಫರ್ಮ್ ಬಟ್ ಪೇಷಂಟ್'. ಅಂಕೋಲಾ ಕಡೆಯ ಶಾಲೆಯೊಂದರಲ್ಲಿ ಅದನ್ನು ಓದಿದವರು, ಹೋಮ್‌ವರ್ಕ್ ಮಾಡದ ಮಕ್ಕಳಿಗೆ ಏನು ಮಾಡುತ್ತೀರಿ ಎಂದು ಕೇಳಿದರಂತೆ. ಜ್ವರದ ಮಕ್ಕಳಿಗೆ ಕೊಡುವ ಆ ಎರಡು ದಿನದ ವಿಷಯ ಹೇಳಿದಳಂತೆ. ಜೂನ್‌ನಿಂದ ಅಲ್ಲೇ ಕಲಿಸುತ್ತಿದ್ದಾಳೆ.