ಕಾರ್ನಿಟಿನ್ ಸಿರಪ್, ಕೋಕ್ಯೂಟೆನ್, ರೈಬೋಫ್ಲೇವಿನ್: ಮಗಳಿಗೆ 3 ವರ್ಷ ಕೊಟ್ಟ ಮೇಲೆ

ನನ್ನ ಮಗಳಿಗೆ 9 ವರ್ಷ. ಮೈಟೊಕಾಂಡ್ರಿಯಾ ಕಾಯಿಲೆ, ಅಂದರೆ ಜೀವಕೋಶದೊಳಗೆ ಶಕ್ತಿ ತಯಾರಿಸುವ ಭಾಗವೇ ಸರಿಯಾಗಿ ಕೆಲಸ ಮಾಡದ ಕಾಯಿಲೆ, ಅಂತ ಗೊತ್ತಾಗಿ ಮೂರು ವರ್ಷ ಆಯಿತು. ಅಂದಿನಿಂದ ಒಂದೊಂದಾಗಿ ಶುರುವಾದ ಈ ಮೂರೂ ದಿನಾ ನಡೆಯುತ್ತಿವೆ. ಕಾರ್ನಿಟಿನ್ ಕೊಬ್ಬನ್ನು ಮೈಟೊಕಾಂಡ್ರಿಯಾದ ಒಳಗೆ ಸಾಗಿಸುತ್ತದೆ; ಕೋಕ್ಯೂಟೆನ್ ಮತ್ತು ರೈಬೋಫ್ಲೇವಿನ್ (ವಿಟಮಿನ್ ಬಿ2) ಅಲ್ಲಿ ಶಕ್ತಿ ತಯಾರಾಗಲು ನೆರವಾಗುತ್ತವೆ. ನಾನು ಬರೆಯಲು ಕೂತಿದ್ದು ಮುಖ್ಯವಾಗಿ ವಾಸನೆಯ ಬಗ್ಗೆ.

ಕಾರ್ನಿಟಿನ್ ಸಿರಪ್ ಶುರು ಮಾಡಿ ಎರಡು ವಾರಕ್ಕೆ ಮಗಳ ಮೈಯಿಂದ ಮೀನಿನ ವಾಸನೆ ಬರತೊಡಗಿತು. ಸ್ನಾನ ಮಾಡಿಸಿದರೂ ಹೋಗಲಿಲ್ಲ. ದಿಂಬಿನ ಕವರು, ಬಟ್ಟೆ, ಕೂದಲು, ಎಲ್ಲದರಲ್ಲೂ ಅದೇ. ಬಟ್ಟೆ ಸರಿಯಾಗಿ ಒಣಗಿಲ್ಲವೇನೋ ಅಂದುಕೊಂಡು ಮತ್ತೆ ಮತ್ತೆ ಒಗೆದೆ. ಒಂದು ದಿನ ಶಾಲೆಯಿಂದ ಬಂದವಳು, "ಅಮ್ಮಾ, ನನ್ನ ಪಕ್ಕ ಯಾರೂ ಕೂತ್ಕೊಳ್ತಿಲ್ಲ" ಅಂದಳು. ಏನು ಹೇಳಬೇಕೋ ತೋಚದೆ ಸುಮ್ನೆ ತಬ್ಬಿಕೊಂಡೆ. ಬಾಟಲಿಯ ಮೇಲಾಗಲಿ ಡಬ್ಬಿಯೊಳಗಿನ ಚೀಟಿಯಲ್ಲಾಗಲಿ ಇದರ ಬಗ್ಗೆ ಒಂದು ಸಾಲೂ ಇರಲಿಲ್ಲ. ಆ ಸಿಟ್ಟು ಇನ್ನೂ ಇಳಿದಿಲ್ಲ.

ಅವತ್ತೇ ನಿಲ್ಲಿಸಿಬಿಡೋಣ ಅನ್ನಿಸಿತ್ತು. ಡಾಕ್ಟರನ್ನು ಕೇಳಿದ್ದು ಒಳ್ಳೇದಾಯಿತು. ಅವಳ ರಕ್ತದಲ್ಲಿ ಕಾರ್ನಿಟಿನ್ ಮೊದಲೇ ಕಡಿಮೆ ಇದ್ದಿದ್ದರಿಂದಲೇ ಇದನ್ನು ಬರೆದುಕೊಟ್ಟಿದ್ದರಂತೆ. ದೇಹ ಹೀರಿಕೊಳ್ಳದೆ ಉಳಿದ ಕಾರ್ನಿಟಿನ್ ಅನ್ನು ಕರುಳಿನ ಬ್ಯಾಕ್ಟೀರಿಯಾಗಳು ಟ್ರೈಮೀಥೈಲಮೈನ್ ಅನ್ನೋ ಮೀನಿನ ವಾಸನೆಯ ವಸ್ತುವಾಗಿ ಮಾಡುತ್ತವೆ. ಲಿವರ್ ಅದನ್ನು ವಾಸನೆ ಇಲ್ಲದ ಹಾಗೆ ಬದಲಾಯಿಸುತ್ತದೆ. ಅದರ ಕೈಮೀರಿದ್ದು ಬೆವರು, ಉಸಿರು, ಮೂತ್ರದಲ್ಲಿ ಹೊರಗೆ ಬರುತ್ತದೆ. ಮತ್ತೆ ರಕ್ತ ಪರೀಕ್ಷೆ ಮಾಡಿಸಿ ಡೋಸ್ ಇಳಿಸಿದರು, ಎರಡು ಹೊತ್ತಿನದನ್ನು ಮೂರು ಹೊತ್ತಿಗೆ ಹಂಚಿದರು. ಈಗ ಊಟ ಆದಮೇಲೆ ನೀರಿಗೆ ಬೆರೆಸಿ ಗುಟುಕು ಗುಟುಕಾಗಿ ಕುಡಿಸುತ್ತೇನೆ. ಹತ್ತು ದಿನದಲ್ಲಿ ವಾಸನೆ ಮುಕ್ಕಾಲು ಪಾಲು ಹೋಯಿತು. ಕೆಲವು ತಿಂಗಳಿಗೆ ಪಕ್ಕದ ಜಾಗವೂ ತುಂಬಿತು.

ರೈಬೋಫ್ಲೇವಿನ್‌ನಿಂದ ಮೂತ್ರ ಗಾಢ ಹಳದಿ ಆಗುತ್ತೆ, ಹೆದರಬೇಡಿ. ಅಷ್ಟೇ.

ಕೋಕ್ಯೂಟೆನ್ ಕೊಡುವ ಹೊತ್ತು ನಮ್ಮಿಬ್ಬರಿಗೂ ಇಷ್ಟ. ಇದು ಜಿಡ್ಡಿನಲ್ಲಿ ಕರಗುವ ವಸ್ತು, ಹಾಗಾಗಿ ಪುಡಿ ತುಂಬಿದ್ದನ್ನು ಬಿಟ್ಟು ಎಣ್ಣೆಯ ಕ್ಯಾಪ್ಸೂಲ್‌ಗೆ ಬಂದೆವು. ಅವಳಿಗೆ ನುಂಗಲು ಆಗಲ್ಲ. ಬೆಳಗ್ಗೆ ತಿಂಡಿ ಮುಗಿಯುವ ಹೊತ್ತಿಗೆ ನಾನು ಕ್ಯಾಪ್ಸೂಲಿನ ತುದಿಗೆ ಸೂಜಿ ಚುಚ್ಚುತ್ತೇನೆ, ಅವಳು ಎರಡೂ ಕೈಯಲ್ಲಿ ಚಮಚ ಹಿಡಿಯುತ್ತಾಳೆ. ಒತ್ತಿದರೆ ಕಿತ್ತಳೆ ಬಣ್ಣದ ದಪ್ಪ ಹನಿ ನಿಧಾನಕ್ಕೆ ಇಳಿಯುತ್ತದೆ. ಕೊನೇ ಹನಿ ಬೀಳುವ ತನಕ ಉಸಿರು ಬಿಗಿಹಿಡಿದು ನೋಡುತ್ತಾಳೆ. ಬಟ್ಟೆಗೆ ತಾಗಿದರೆ ಕಲೆ ಹೋಗಲ್ಲ, ಹಳೇ ಟವೆಲ್ ಹಾಕಿಕೊಳ್ಳಿ. ರಾತ್ರಿ ಕೊಟ್ಟಾಗ ನಿದ್ದೆ ಕೆಡುತ್ತಿತ್ತು, ಎರಡನೇ ಡೋಸ್ ಮಧ್ಯಾಹ್ನಕ್ಕೆ ತಂದೆವು.

ಗುಣ ಇದೆಯಾ ಅಂತ ಎಲ್ಲರೂ ಕೇಳುತ್ತಾರೆ. ಮೈಟೊಕಾಂಡ್ರಿಯಾ ಕಾಯಿಲೆಗಳಿಗೆ ಯಾವ ಚಿಕಿತ್ಸೆಗೂ ಸ್ಪಷ್ಟ ಪುರಾವೆ ಇಲ್ಲ ಅಂತ ಚಿಕಿತ್ಸೆಗಳ ಬಗೆಗಿನ ಅಧ್ಯಯನಗಳನ್ನೆಲ್ಲ ಒಟ್ಟಿಗೆ ತೂಗಿ ನೋಡುವ ಕಾಕ್ರೇನ್ ಸಂಸ್ಥೆಯ 2012ರ ಪರಿಶೀಲನೆ ಹೇಳಿತ್ತು. ಅದನ್ನು ಓದಿದ ರಾತ್ರಿ ನನಗೆ ನಿದ್ದೆ ಬಂದಿರಲಿಲ್ಲ. ಆದರೆ ನಮ್ಮ ಡಾಕ್ಟರ್ ಮೂರನ್ನೂ ಒಟ್ಟಿಗೆ ಕೊಡದೆ, ಮೂರು ಮೂರು ತಿಂಗಳು ಬಿಟ್ಟು ಒಂದೊಂದೇ ಶುರು ಮಾಡಿಸಿದ್ದರು, ಹಾಗಾಗಿ ಯಾವುದರಿಂದ ಏನಾಯಿತು ಅಂತ ಗಮನಿಸಲು ಆಯಿತು. ಕೋಕ್ಯೂಟೆನ್ ಬಂದ ಮೇಲೆ ಮಗಳು ಮೆಟ್ಟಿಲು ಹತ್ತುವಾಗ ಸುಸ್ತಾಗಿ ನಡುವೆ ಕೂರುವುದನ್ನು ಬಿಟ್ಟಳು. ನಮ್ಮ ತಿಂಗಳ ಖರ್ಚಿನಲ್ಲಿ ಇದೇ ದೊಡ್ಡ ಭಾರ, ಆದರೂ ಬಿಡಲ್ಲ. ರೈಬೋಫ್ಲೇವಿನ್‌ನಿಂದ ನನ್ನ ಕಣ್ಣಿಗೆ ವ್ಯತ್ಯಾಸ ಕಂಡಿಲ್ಲ.

ಕೋಕ್ಯೂಟೆನ್‌ಗೆ 5ಕ್ಕೆ 5. ಸಿರಪ್‌ಗೆ 3. ವಾಸನೆಯ ಬಗ್ಗೆ ಬಾಟಲಿಯ ಮೇಲೆ ಒಂದು ಸಾಲು ಹಾಕಿ ಅಂತ ಕಂಪನಿಗೆ ಎರಡು ಸಲ ಬರೆದೆ. ಉತ್ತರ ಇನ್ನೂ ಬಂದಿಲ್ಲ.