ಗಿಫ್ಟ್ ನಿಫ್ಟಿ ವಿಮರ್ಶೆ: ಒಂಬತ್ತೂಕಾಲರವರೆಗಿನ ಸೂಚಕ

ದಾವಣಗೆರೆ ಎಪಿಎಂಸಿಗೆ ಮೆಕ್ಕೆಜೋಳ ತಂದವರು ಹರಾಜಿಗೆ ಮೊದಲೇ ಅಕ್ಕಪಕ್ಕದ ಮಂಡಿಗಳ ಧಾರಣೆ ವಿಚಾರಿಸಿಕೊಳ್ಳುತ್ತಾರೆ. ಷೇರು ಪೇಟೆಯಲ್ಲಿ, 9:15ಕ್ಕೆ ವಹಿವಾಟು ಶುರುವಾಗುವ ಮೊದಲು, ಆ ಕೆಲಸಕ್ಕಿರುವುದು ಗಿಫ್ಟ್ ನಿಫ್ಟಿ. ದೇಶದ ಐವತ್ತು ದೊಡ್ಡ ಕಂಪನಿಗಳ ಷೇರು ಸೂಚ್ಯಂಕವಾದ ನಿಫ್ಟಿಯ ಫ್ಯೂಚರ್ಸ್ ಇದು, ಅಂದರೆ ಮುಂದಿನ ಒಂದು ದಿನಾಂಕಕ್ಕೆ ಈಗಲೇ ದರ ಕಟ್ಟುವ ಒಪ್ಪಂದ (ಕಾಂಟ್ರಾಕ್ಟ್). ರಾತ್ರಿ ನ್ಯೂಯಾರ್ಕ್ ಹೇಗೆ ಮುಗಿಯಿತು, ಬೆಳಿಗ್ಗೆ ಟೋಕಿಯೊ, ಹಾಂಗ್‌ಕಾಂಗ್ ಹೇಗೆ ಶುರುವಾದವು ಎಂಬುದೆಲ್ಲ ಅದರ ಒಂದೇ ಅಂಕಿಯಲ್ಲಿ ಅಡಗಿರುತ್ತದೆ. ಊರಿನ ಸಾಮಾನ್ಯ ಹೂಡಿಕೆದಾರರು ಇದರಲ್ಲಿ ವಹಿವಾಟು ಮಾಡುವಂತಿಲ್ಲ, ನೋಡಬಹುದು ಅಷ್ಟೆ. ನೋಡುವುದಕ್ಕೂ ಒಂದು ಕ್ರಮವಿದೆ.

ಮೊದಲು ಸಿಂಗಪುರದಲ್ಲಿದ್ದ ಈ ಫ್ಯೂಚರ್ಸ್ ವಹಿವಾಟು 2023ರ ಜುಲೈ 3ರಂದು ಗಾಂಧಿನಗರದ ಗಿಫ್ಟ್ ಸಿಟಿಗೆ ಬಂತು. ಬೆಳಿಗ್ಗೆ 6:30ರಿಂದ ಮಧ್ಯಾಹ್ನ 3:40, ಮತ್ತೆ ಸಂಜೆ 4:35ರಿಂದ ರಾತ್ರಿ 2:45ರವರೆಗೆ ನಡೆಯುತ್ತದೆ. ಅಮೆರಿಕದ ಪೇಟೆ ನಮ್ಮ ಗಡಿಯಾರದಲ್ಲಿ ಬೇಸಿಗೆಗೆ 1:30ಕ್ಕೆ, ಚಳಿಗಾಲಕ್ಕೆ 2:30ಕ್ಕೆ ಮುಚ್ಚುವುದರಿಂದ ಅಲ್ಲಿನ ಕೊನೆಯ ಗಂಟೆಯ ಏರಿಳಿತವೂ ಇದರಲ್ಲಿ ಸಿಗುತ್ತದೆ. ಇದಕ್ಕೆ ಪೂರ್ತಿ ಅಂಕ ಕೊಡಬೇಕು.

ಎಡವುವುದು ಹೋಲಿಕೆಯಲ್ಲಿ. ಉದಾಹರಣೆಗೆ ನಿನ್ನೆ ನಿಫ್ಟಿ 24,000ಕ್ಕೆ, ಈ ತಿಂಗಳ ನಿಫ್ಟಿ ಫ್ಯೂಚರ್ಸ್ 24,090ಕ್ಕೆ ಮುಗಿದಿವೆ ಎನ್ನಿ. ಬೆಳಿಗ್ಗೆ 8:50ಕ್ಕೆ ಗಿಫ್ಟ್ ನಿಫ್ಟಿ 24,060 ತೋರಿಸಿದರೆ ‘ಅರವತ್ತು ಏರಿದೆ’ ಎಂದು ಹಿಗ್ಗುವವರೇ ಹೆಚ್ಚು. ಹೋಲಿಸಬೇಕಾದ್ದು ಫ್ಯೂಚರ್ಸ್ ಜೊತೆ, ಅಂದರೆ ಪೇಟೆ ಸುಮಾರು ಮೂವತ್ತು ಇಳಿದು ಶುರುವಾಗುವ ಸೂಚನೆ. ನಿಫ್ಟಿಗಿಂತ ಫ್ಯೂಚರ್ಸ್ ಮೇಲಿರುವ ಈ ತೊಂಬತ್ತರ ಅಂತರವೇ ಪ್ರೀಮಿಯಂ. ತಿಂಗಳ ಆರಂಭದಲ್ಲಿ ಅದು ಹೆಚ್ಚು, ಎಕ್ಸ್‌ಪೈರಿ, ಅಂದರೆ ಕಾಂಟ್ರಾಕ್ಟ್ ಮುಗಿಯುವ ದಿನ, ಹತ್ತಿರವಾದಂತೆ ಕರಗುತ್ತದೆ. ಎಕ್ಸ್‌ಪೈರಿ ವಾರದಲ್ಲಿ ಪರದೆಯ ಮೇಲಿರುವುದು ಯಾವ ತಿಂಗಳ ಕಾಂಟ್ರಾಕ್ಟ್ ಎಂದು ಮೊದಲು ಖಚಿತ ಮಾಡಿಕೊಳ್ಳಿ. ದರದ ಪಕ್ಕದ ಸಮಯವನ್ನೂ ನೋಡಿ, ಹದಿನೈದು ನಿಮಿಷ ಹಳೆಯ ದರದಿಂದ ಉಪಯೋಗವಿಲ್ಲ.

6:30ರ ಅಂಕಿಗಿಂತ 8:45ರದ್ದು ಮೇಲು. ಹಾಂಗ್‌ಕಾಂಗ್ ತೆರೆಯುವುದೇ ನಮ್ಮ 7 ಗಂಟೆಗೆ.

ಇದು ಹೇಳುವುದು ಪೇಟೆ ಎಲ್ಲಿ ತೆರೆಯುತ್ತದೆ ಎಂಬುದನ್ನು ಮಾತ್ರ, ಎಲ್ಲಿ ಮುಚ್ಚುತ್ತದೆ ಎಂಬುದನ್ನಲ್ಲ. ಹೊರಗಿನ ಪೇಟೆ ಏರಿದ ಮಾತ್ರಕ್ಕೆ ನಮ್ಮದೂ ಏರಿ ಮುಗಿಯಬೇಕೆಂದಿಲ್ಲ. 2024ರ ಆಗಸ್ಟ್ 5ರಂದು ಜಪಾನಿನ ಷೇರು ಸೂಚ್ಯಂಕ ನಿಕ್ಕೇ ಶೇ 12.4 ಕುಸಿಯಿತು. ಅಗ್ಗದ ಬಡ್ಡಿಗೆ ಯೆನ್ ಸಾಲ ತಂದು ಬೇರೆಡೆ ಹೂಡಿದ್ದವರು, ಅಲ್ಲಿನ ಬಡ್ಡಿ ಏರಿ ಯೆನ್ ಬಲಗೊಂಡಾಗ ಸಿಕ್ಕದ್ದನ್ನೆಲ್ಲ ಮಾರಿ ಸಾಲ ತೀರಿಸಲು ಓಡಿದ್ದು ಒಂದು ಮುಖ್ಯ ಕಾರಣ. ನಿಫ್ಟಿಯೂ ಅಂದು ಶೇ 2.7ರಷ್ಟು ಬಿತ್ತು. ಮರುದಿನ ನಿಕ್ಕೇ ಶೇ 10ಕ್ಕೂ ಹೆಚ್ಚು ಚಿಮ್ಮಿತು, ನಿಫ್ಟಿ ಮಾತ್ರ ಮತ್ತಷ್ಟು ಇಳಿದೇ ಮುಗಿಯಿತು. ಬೀಳುವಾಗ ಪೇಟೆಗಳು ಕೈಕೈ ಹಿಡಿದು ಬೀಳುತ್ತವೆ, ಏಳುವಾಗ ಒಂದೊಂದೂ ತನ್ನ ಪಾಡಿಗೆ ತಾನು ಏಳುತ್ತದೆ.

ಮಧ್ಯಾಹ್ನ ಲಂಡನ್ ತೆರೆದ ಮೇಲೆ, ಅಂದರೆ ಬೇಸಿಗೆಗೆ 12:30, ಚಳಿಗಾಲಕ್ಕೆ 1:30ರ ನಂತರ, ದಿಕ್ಕು ಬದಲಾಗುವುದುಂಟು. ರಿಸರ್ವ್ ಬ್ಯಾಂಕ್ ನೀತಿ ಪ್ರಕಟಿಸುವ ದಿನ 10 ಗಂಟೆಗೆ ಬೆಳಗಿನ ಲೆಕ್ಕವೆಲ್ಲ ಹೊಸದಾಗಿ ಶುರು.

ಬಿಡಿ ಷೇರುಗಳಿಗೆ ಗಿಫ್ಟ್ ನಿಫ್ಟಿ ಸಾಲದು. ಇನ್ಫೊಸಿಸ್, ಐಸಿಐಸಿಐ ಬ್ಯಾಂಕ್ ಇಟ್ಟುಕೊಂಡವರು ನ್ಯೂಯಾರ್ಕ್‌ನಲ್ಲಿ ಅವುಗಳ ಎಡಿಆರ್ (ಅಲ್ಲಿ ಡಾಲರ್‌ನಲ್ಲಿ ವಹಿವಾಟಾಗುವ ಈ ಷೇರುಗಳ ರಸೀದಿ) ಎಷ್ಟು ಶೇಕಡಾ ಏರಿತು, ಇಳಿಯಿತು ಎಂದು ನೋಡುವುದು ಒಳ್ಳೆಯದು. ಡಾಲರ್ ದರವನ್ನು ರೂಪಾಯಿಗೆ ಗುಣಿಸಿ ತಾಳೆ ಹಾಕಬೇಡಿ. ಐಸಿಐಸಿಐನ ಒಂದು ಎಡಿಆರ್ ಎಂದರೆ ಎರಡು ಷೇರು. ಇನ್ನು 9:15ಕ್ಕೆ ಸರಿಯಾಗಿ ಮಾರ್ಕೆಟ್ ಆರ್ಡರ್, ಅಂದರೆ ಆಗ ಸಿಕ್ಕ ದರಕ್ಕೆ ಆಗಲಿ ಎಂಬ ಆರ್ಡರ್, ಹಾಕಿದರೆ ಕೊಳ್ಳುವ, ಮಾರುವ ದರಗಳ ಅಂತರದಲ್ಲೇ ಹಣ ಸೋರುತ್ತದೆ. ದರದ ಮಿತಿಯನ್ನು ನೀವೇ ಹೇಳುವ ಲಿಮಿಟ್ ಆರ್ಡರ್ ಇರಲಿ, ಆಪ್ಷನ್‌ಗೆ (ಗೊತ್ತಾದ ದರಕ್ಕೆ ಕೊಳ್ಳುವ ಇಲ್ಲವೇ ಮಾರುವ ಹಕ್ಕಿನ ಕಾಂಟ್ರಾಕ್ಟ್) ಕೈ ಹಾಕುವವರು 9:30ರವರೆಗೆ ಕಾಯಲಿ.